ದೇಸಿ ದನದ ಡಿಎನ್‌ಎ ಪರೀಕ್ಷೆ: ಮೈಟೋಕಾಂಡ್ರಿಯವೋ, ವೈ ವರ್ಣತಂತುವೋ, ಚಿಪ್ಪೋ?

ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ, ಕೃಷ್ಣಾ ಕಣಿವೆ, ಮಲೆನಾಡು ಗಿಡ್ಡ ಮೊದಲಾದ ದನದ ತಳಿಗಳನ್ನು ಉಳಿಸಿಕೊಳ್ಳಲು ಹೊರಟ ಗೋಶಾಲೆಗಳೂ ತಳಿ ಸಂಘಗಳೂ ಈಗ ಡಿಎನ್‌ಎ ಪರೀಕ್ಷೆಯ ಮಾತಾಡುತ್ತಿವೆ. ಪಶುವೈದ್ಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗಂತೂ ಪ್ರಬಂಧಕ್ಕೆ ಇದು ಸುಲಭವಾಗಿ ಒದಗಿಬರುವ ವಿಷಯ. ಆಯ್ದುಕೊಳ್ಳಲು ಹಲವು ದಾರಿಗಳಿವೆ: ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯದ ಡಿಎನ್‌ಎಯ ಒಂದು ತುಣುಕು, ಅದರ ಪೂರ್ಣ ಅನುಕ್ರಮ, ಗಂಡಿನಲ್ಲಷ್ಟೇ ಇರುವ ವೈ ವರ್ಣತಂತುವಿನ ಗುರುತುಗಳು, ಮೈಕ್ರೋಸ್ಯಾಟಲೈಟ್‌ಗಳು (ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ತುಣುಕುಗಳು), ಎಸ್‌ಎನ್‌ಪಿ ಚಿಪ್ (ಡಿಎನ್‌ಎಯ ಒಂದೊಂದು ಅಕ್ಷರದ ವ್ಯತ್ಯಾಸಗಳನ್ನು ಸಾವಿರಗಟ್ಟಲೆ ಒಮ್ಮೆಗೇ ಓದುವ ಸಾಧನ), ಕೊನೆಗೆ ಇಡೀ ಜೀನೋಮ್, ಅಂದರೆ ದನದ ಎಲ್ಲ ಡಿಎನ್‌ಎ. ಇವುಗಳಲ್ಲಿ ಮೈಟೋಕಾಂಡ್ರಿಯದ ತುಣುಕನ್ನು ಓದಿಸುವುದು ಅಗ್ಗ, ಸಾಧಾರಣ ಪ್ರಯೋಗಾಲಯದಲ್ಲೂ ಆಗುವ ಕೆಲಸ. ಹಾಗಾಗಿಯೇ ಅದು ಉತ್ತರಿಸಲಾರದ ಪ್ರಶ್ನೆಗಳನ್ನೂ ಅದರ ಮುಂದಿಡುವ ಅಭ್ಯಾಸ ಬೆಳೆದಿದೆ. ಪರೀಕ್ಷೆಗೆ ಹಣ ಕಟ್ಟುವ ಮೊದಲು ತಮಗೆ ತಿಳಿಯಬೇಕಾದದ್ದು ಏನೆಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಂಡರೆ, ಈ ಆರರಲ್ಲಿ ಕನಿಷ್ಠ ಮೂರು ಅಲ್ಲೇ ಕಳಚಿಹೋಗುತ್ತವೆ.

ತಾಯಿಯ ಸಾಲು ಮಾತ್ರ

ದನದ ಮೈಟೋಕಾಂಡ್ರಿಯ ಡಿಎನ್‌ಎಯ ಪೂರ್ಣ ಅನುಕ್ರಮ 1982ರಲ್ಲಿ ಪ್ರಕಟವಾಯಿತು. ಅದು 16,338 ಬೇಸ್ ಜೋಡಿಗಳ, ಅಂದರೆ ಡಿಎನ್‌ಎಯ ಅಕ್ಷರಗಳ, ಒಂದು ಉಂಗುರ. ಅದರಲ್ಲಿರುವುದು 37 ವಂಶವಾಹಿಗಳು ಮತ್ತು ಸುಮಾರು 910 ಬೇಸ್ ಜೋಡಿಗಳಷ್ಟು ಉದ್ದದ, ಯಾವ ಪ್ರೋಟೀನನ್ನೂ ಬರೆಯದ, ಬೇಗ ಬೇಗ ಬದಲಾಗುವ ಡಿ-ಲೂಪ್ ಎಂಬ ಭಾಗ. ಕೋಶಕೇಂದ್ರದ ಡಿಎನ್‌ಎ ಒಂದು ಜೀವಕೋಶದಲ್ಲಿ ಎರಡೇ ಪ್ರತಿಗಳಲ್ಲಿದ್ದರೆ, ಮೈಟೋಕಾಂಡ್ರಿಯದ್ದು ನೂರಾರು, ಸಾವಿರಾರು ಪ್ರತಿಗಳಲ್ಲಿರುತ್ತದೆ. ಆದ್ದರಿಂದ ಹಳೆಯ ಮೂಳೆ, ಬೇರಿಲ್ಲದ ಕೂದಲು, ಬೇಯಿಸಿದ ಮಾಂಸದಂಥ ಕೆಟ್ಟ ಮಾದರಿಗಳಲ್ಲೂ ಅದು ಸಿಗುತ್ತದೆ. ಕರುವಿಗೆ ಅದು ಬರುವುದು ತಾಯಿಯಿಂದ ಮಾತ್ರ. ಹೋರಿಯ ದೇಹದಲ್ಲೂ ಮೈಟೋಕಾಂಡ್ರಿಯವಿದೆ, ವೀರ್ಯದ ಸ್ಟ್ರಾದಿಂದ ಅದನ್ನು ಓದಲೂಬಹುದು. ಆದರೆ ಹಾಗೆ ಓದಿದ್ದು ಹೋರಿಯ ತಾಯಿಯ ಕಡೆಯ ಸುದ್ದಿ, ಅದರ ಕರುಗಳಿಗೆ ಹೋಗುವ ಸುದ್ದಿಯಲ್ಲ.

ಇದರ ಪರಿಣಾಮ ನಮ್ಮ ಕೊಟ್ಟಿಗೆಗಳಲ್ಲಿ ಹೇಗಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಾಟಿ ಹಸುವೊಂದಕ್ಕೆ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಯ ಇಂಜೆಕ್ಷನ್ ಹಾಕಿಸಿದರೆ ಹುಟ್ಟುವ ಕಡಸಿನಲ್ಲಿ ವಿದೇಶಿ ರಕ್ತ ಶೇ. 50. ಅದಕ್ಕೂ ಎಚ್‌ಎಫ್ ಹಾಕಿಸಿದರೆ ಮುಂದಿನ ತಲೆಮಾರಿನಲ್ಲಿ ಶೇ. 75, ಆಮೇಲೆ ಶೇ. 87.5, ನಾಲ್ಕನೆಯದರಲ್ಲಿ ಶೇ. 93.75. ಆ ನಾಲ್ಕನೆಯ ಹಸುವಿನ ಕಪ್ಪು ಬಿಳಿ ಮಚ್ಚೆಯನ್ನೂ ಡುಬ್ಬವಿಲ್ಲದ ನೇರ ಬೆನ್ನನ್ನೂ ನೋಡಿದ ಯಾರೂ ಅದನ್ನು ಸೀಮೆಹಸುವಲ್ಲದೆ ಬೇರೇನೂ ಎನ್ನಲಾರರು. ಆದರೆ ಅದರ ಮೈಟೋಕಾಂಡ್ರಿಯ ಡಿಎನ್‌ಎ ಮೊದಲ ನಾಟಿ ಹಸುವಿನದ್ದೇ, ಒಂದಕ್ಷರವೂ ಬಹುಶಃ ಬದಲಾಗದೆ ಉಳಿದಿರುತ್ತದೆ; ಪರೀಕ್ಷಾ ವರದಿಯಲ್ಲಿ ‘ಬೋಸ್ ಇಂಡಿಕಸ್’ (ಡುಬ್ಬದ ದೇಸಿ ದನ) ಎಂದೇ ಬರುತ್ತದೆ. ಕರ್ನಾಟಕದಲ್ಲಿ ಮಿಶ್ರತಳಿ ಬೆಳೆದದ್ದು ಹೆಚ್ಚಾಗಿ ವಿದೇಶಿ ವೀರ್ಯದ ಮೂಲಕ, ವಿದೇಶಿ ಹಸುಗಳ ಮೂಲಕವಲ್ಲ. ಅಂದರೆ ನಮ್ಮಲ್ಲಿ ಬೆರಕೆ ಎಲ್ಲಿಂದ ಬಂದಿದೆಯೋ ಆ ಕಡೆಗೆ ಈ ಪರೀಕ್ಷೆಯ ಕಣ್ಣೇ ಇಲ್ಲ. ‘ನಮ್ಮ ಹಸುಗಳು ಮೈಟೋಕಾಂಡ್ರಿಯ ಪರೀಕ್ಷೆಯಲ್ಲಿ ಶುದ್ಧ ದೇಸಿ ಎಂದು ಸಾಬೀತಾಗಿವೆ’ ಎಂಬ ಫಲಕವನ್ನು ಯಾರಾದರೂ ತೂಗುಹಾಕಿದರೆ, ಅದರಲ್ಲಿ ಸುಳ್ಳು ಅಂಕಿ ಇರಬೇಕಾಗಿಲ್ಲ, ಆದರೂ ಅದು ಏನನ್ನೂ ಸಾಬೀತು ಮಾಡಿರುವುದಿಲ್ಲ.

ಇದರ ಕನ್ನಡಿಬಿಂಬ ಬ್ರೆಜಿಲ್‌ನಲ್ಲಿದೆ. ಆಂಧ್ರದ ಒಂಗೋಲು ದನದಿಂದ ಬೆಳೆದ ಅಲ್ಲಿನ ನೆಲೋರೆ ತಳಿ ನೋಡಲು ಪಕ್ಕಾ ಡುಬ್ಬದ ದನ: ಬಿಳಿ ಮೈ, ದೊಡ್ಡ ಡುಬ್ಬ, ಜೋಲುವ ಗಂಗೆದೊಗಲು. ಆದರೆ 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ದನಗಳಲ್ಲಿ ಬಹಳಷ್ಟರ ಮೈಟೋಕಾಂಡ್ರಿಯ ಡಿಎನ್‌ಎ ಡುಬ್ಬವಿಲ್ಲದ ಯೂರೋಪಿನ ದನದ್ದೆಂದು ತೋರಿಸಿತು. ಭಾರತದಿಂದ ಹಡಗೇರಿದ್ದು ಹೆಚ್ಚಾಗಿ ಹೋರಿಗಳು. ಅವುಗಳಿಗೆ ಅಲ್ಲಿ ಸಿಕ್ಕಿದ್ದು ಪೋರ್ಚುಗೀಸರ ಕಾಲದಿಂದ ಇದ್ದ ಸ್ಥಳೀಯ ಹಸುಗಳು. ತಲೆಮಾರುಗಳ ಕಾಲ ಡುಬ್ಬದ ಹೋರಿಗಳನ್ನೇ ಬಳಸಿದ್ದರಿಂದ ಮೈಯೆಲ್ಲ ಒಂಗೋಲಿನದಾಯಿತು, ತಾಯಿಯ ಸಾಲು ಮಾತ್ರ ಹಾಗೇ ಉಳಿಯಿತು. ಬೆಂಗಳೂರಿನ ಸೀಮೆಹಸು ಮತ್ತು ಬ್ರೆಜಿಲ್‌ನ ನೆಲೋರೆ ಎರಡನ್ನೂ ಬರೀ ಮೈಟೋಕಾಂಡ್ರಿಯದಿಂದ ಗುರುತಿಸಲು ಹೋದರೆ ಎರಡೂ ತಿರುಗುಮುರುಗಾಗಿ ಕಾಣುತ್ತವೆ.

ಹಾಗಾದರೆ ಅದು ಯಾವುದಕ್ಕೆ ಬೇಕು?

ಆಳದ ಇತಿಹಾಸಕ್ಕೆ ಬೇಕು. ಅಲ್ಲಿ ಅದಕ್ಕೆ ಸರಿಸಾಟಿ ಇಲ್ಲವೆಂದೇ ನನ್ನ ಅಭಿಪ್ರಾಯ. 1994ರಲ್ಲಿ ಡಬ್ಲಿನ್‌ನ ಸಂಶೋಧಕರು ಯೂರೋಪ್, ಆಫ್ರಿಕ, ಭಾರತದ ದನಗಳ ಡಿ-ಲೂಪ್ ಹೋಲಿಸಿ, ಡುಬ್ಬದ ದನ ಮತ್ತು ಡುಬ್ಬವಿಲ್ಲದ ದನಗಳ ತಾಯಿಸಾಲುಗಳು ಕನಿಷ್ಠ ಎರಡು ಲಕ್ಷ ವರ್ಷಗಳ ಹಿಂದೆಯೇ ಬೇರೆಯಾಗಿದ್ದವೆಂದು ತೋರಿಸಿದರು. ಮನುಷ್ಯರು ದನ ಸಾಕತೊಡಗಿ ಸುಮಾರು ಹತ್ತು ಸಾವಿರ ವರ್ಷಗಳಷ್ಟೇ ಆಗಿರುವುದರಿಂದ, ಎರಡನ್ನೂ ಬೇರೆ ಬೇರೆ ಕಡೆ ಪಳಗಿಸಿರಬೇಕೆಂಬ ತೀರ್ಮಾನ ಅಲ್ಲಿಂದ ಬಂತು. ಅದೇ ಅಧ್ಯಯನದಲ್ಲಿ ಆಫ್ರಿಕದ ಡುಬ್ಬದ ದನಗಳ ಮೈಟೋಕಾಂಡ್ರಿಯವೂ ಡುಬ್ಬವಿಲ್ಲದ ಗುಂಪಿನದ್ದೇ ಎಂದು ತಿಳಿಯಿತು: ಅಲ್ಲಿಯೂ ಪೂರ್ವದಿಂದ ಹೋದದ್ದು ಹೆಚ್ಚಾಗಿ ಹೋರಿಗಳು. ಪಶ್ಚಿಮ ಏಷ್ಯದ ಪ್ರಾಚೀನ ಮೂಳೆಗಳ ಜೀನೋಮ್ ಓದಿ 2019ರಲ್ಲಿ ಪ್ರಕಟಿಸಿದ ಕೆಲಸದಲ್ಲೂ, ಸುಮಾರು 4,200 ವರ್ಷಗಳ ಹಿಂದೆ ಭಾರತದ ಕಡೆಯ ದನದ ರಕ್ತ ಅಲ್ಲಿ ಹಠಾತ್ತನೆ ಹರಡಿದ್ದೂ, ತಾಯಿಸಾಲುಗಳು ಅಷ್ಟಾಗಿ ಬದಲಾಗದೆ ಉಳಿದದ್ದೂ ಕಂಡಿತು. ಮೈಟೋಕಾಂಡ್ರಿಯ ಒಂದನ್ನೇ ನೋಡಿದ್ದರೆ ಆ ಬೆರಕೆಯ ಪ್ರಮಾಣ ಗೊತ್ತಾಗುತ್ತಲೇ ಇರಲಿಲ್ಲ, ಕೋಶಕೇಂದ್ರವನ್ನಷ್ಟೇ ನೋಡಿದ್ದರೆ ಅದು ಹೋರಿಗಳ ಮೂಲಕ ಬಂತೆಂಬ ಸೂಚನೆ ಸಿಗುತ್ತಿರಲಿಲ್ಲ.

ನಮ್ಮ ಉಪಖಂಡದ ಡುಬ್ಬದ ದನಗಳಲ್ಲಿ ಐ1 ಮತ್ತು ಐ2 ಎಂಬ ಎರಡು ಮುಖ್ಯ ತಾಯಿಗುಂಪುಗಳಿವೆ. ಐ1 ಏಷ್ಯದ ಉದ್ದಕ್ಕೂ ಹರಡಿದೆ. ಐ2 ಹೆಚ್ಚಾಗಿ ಉಪಖಂಡದ ಒಳಗೇ ನಿಂತಿದೆ. ಸಿಂಧೂ ಕಣಿವೆಯ ಕಡೆ, ಬಲೂಚಿಸ್ತಾನದ ಮೆಹರ್‌ಗಢದ ಅವಶೇಷಗಳ ಜೊತೆಗೆ ಈ ವಿತರಣೆಯನ್ನು ಇಟ್ಟು ನೋಡಿ, ಡುಬ್ಬದ ದನವನ್ನು ಪಳಗಿಸಿದ್ದು ದಕ್ಷಿಣ ಏಷ್ಯದಲ್ಲಿಯೇ ಎಂದು ವಿದ್ವಾಂಸರು ವಾದಿಸುತ್ತಾರೆ. ಇಷ್ಟು ದೊಡ್ಡ ಕಥೆಯನ್ನು 910 ಅಕ್ಷರಗಳು ಹೇಳುತ್ತವೆ. ಆದರೆ ಹಳ್ಳಿಕಾರ್ ಮತ್ತು ಅಮೃತಮಹಲ್ ಬೇರೆ ತಳಿಗಳೇ ಎಂದು ಕೇಳಿದರೆ ಅವು ಸುಮ್ಮನಾಗುತ್ತವೆ. ಐ1, ಐ2 ಎರಡೂ ಭಾರತದ ಹೆಚ್ಚಿನ ತಳಿಗಳಲ್ಲಿ ಬೆರೆತುಕೊಂಡಿವೆ. ತಳಿಗಳ ಗಡಿಯನ್ನು ಎಳೆದದ್ದು ಕಳೆದ ಕೆಲವು ನೂರು ವರ್ಷಗಳ ಮನುಷ್ಯರ ಆಯ್ಕೆ. ಅಮೃತಮಹಲ್ ವಿಷಯದಲ್ಲಂತೂ ಇದು ಸ್ಪಷ್ಟ. ಮೈಸೂರು ಒಡೆಯರ ‘ಬೆಣ್ಣೆ ಚಾವಡಿ’ಯಾಗಿ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ಹಿಂಡಿಗೆ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ದನಗಳೇ ಮೂಲ ಎಂದು ಹೇಳಲಾಗುತ್ತದೆ. ತಾಯಿಹಸುಗಳನ್ನೇ ಹಂಚಿಕೊಂಡ ತಳಿಗಳನ್ನು ತಾಯಿಸಾಲಿನಿಂದ ಬೇರ್ಪಡಿಸಲು ಹೊರಡುವ ಪ್ರಬಂಧಗಳಿಗೆ ಮಾರ್ಗದರ್ಶಕರು ಮೊದಲೇ ತಡೆಹಾಕುವುದು ಒಳ್ಳೆಯದು.

ಡಿ-ಲೂಪ್ ಸಾಕೆ, ಪೂರ್ಣ ಉಂಗುರ ಬೇಕೆ?

ಗುಂಪು ಯಾವುದೆಂಬುದಷ್ಟೇ ಬೇಕಿದ್ದರೆ, ಅಂದರೆ ಐ1ವೋ ಐ2ವೋ ಡುಬ್ಬವಿಲ್ಲದ ಟಿ ಗುಂಪೋ ಎಂದು ತಿಳಿಯಬೇಕಿದ್ದರೆ, ಡಿ-ಲೂಪ್ ಸಾಕು. ಎರಡೂ ತುದಿಯಿಂದ ಒಂದೊಂದು ಸ್ಯಾಂಗರ್ ಓದಿನಲ್ಲಿ (ಒಂದೊಂದೇ ತುಣುಕನ್ನು ಓದುವ ಹಳೆಯ ವಿಧಾನ) ಅದು ಪೂರ್ತಿಯಾಗಿ ಸಿಗುತ್ತದೆ, ಹಿಂದಿನ ಮೂರು ದಶಕಗಳ ಅನುಕ್ರಮಗಳೊಂದಿಗೆ ಹೋಲಿಸಲೂ ಬರುತ್ತದೆ. ಹಳೆಯ ಪ್ರಬಂಧಗಳು 240 ಅಕ್ಷರಗಳ ಚಿಕ್ಕ ತುಣುಕನ್ನಷ್ಟೇ ಓದಿರುವುದುಂಟು. ಹೊಸದಾಗಿ ಮಾಡುವವರು ಅಷ್ಟಕ್ಕೇ ನಿಲ್ಲಬಾರದು. ಡಿ-ಲೂಪ್ ಬೇಗ ಬದಲಾಗುವುದರಿಂದ ಒಂದೇ ಸ್ಥಾನದಲ್ಲಿ ಒಂದೇ ಬದಲಾವಣೆ ಬೇರೆ ಬೇರೆ ಸಾಲುಗಳಲ್ಲಿ ಸ್ವತಂತ್ರವಾಗಿ ಆಗಿರಬಹುದು, ಆಗ ನಂಟಿಲ್ಲದವು ನೆಂಟರಂತೆ ಕಾಣುತ್ತವೆ. ಯೂರೋಪಿನ ದನಗಳಲ್ಲಿ ಕ್ಯೂ ಎಂಬ ಗುಂಪು ಡಿ-ಲೂಪ್‌ನಲ್ಲಿ ಟಿ ಗುಂಪಿನಂತೆಯೇ ತೋರುತ್ತಿದ್ದುದರಿಂದ ಬಹುಕಾಲ ಗಮನಕ್ಕೇ ಬಂದಿರಲಿಲ್ಲ. ಉಂಗುರವನ್ನು ಪೂರ್ತಿಯಾಗಿ ಓದಿದ ಮೇಲೆ, 2008ರಲ್ಲಿ, ಅದು ಬೇರೆಯೇ ಎಂದು ಗೊತ್ತಾಯಿತು. ಕವಲುಗಳ ಕಾಲವನ್ನು ಅಂದಾಜು ಮಾಡುವ ಉದ್ದೇಶವಿದ್ದರೆ ಪೂರ್ಣ ಉಂಗುರವೇ ಬೇಕು. ಮಾದರಿಗಳು ಕಡಿಮೆಯಾದರೂ ಪರವಾಗಿಲ್ಲ, ಪ್ರತಿಯೊಂದನ್ನೂ ಪೂರ್ತಿ ಓದಿಸುವುದು ನೂರು ದನಗಳ ಅರೆಬರೆ ತುಣುಕಿಗಿಂತ ಮೇಲು.

ಎರಡರಲ್ಲೂ ಕಾಡುವ ಒಂದು ತೊಡಕಿದೆ. ಮೈಟೋಕಾಂಡ್ರಿಯ ಡಿಎನ್‌ಎಯ ತುಣುಕುಗಳು ಹಿಂದೆಂದೋ ಕೋಶಕೇಂದ್ರದ ವರ್ಣತಂತುಗಳೊಳಗೆ ನುಗ್ಗಿ ಅಲ್ಲೇ ಕುಳಿತಿವೆ. ಇವನ್ನು ‘ನಮ್ಟ್’ ಎನ್ನುತ್ತಾರೆ. ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡುವಾಗ ಇವೂ ಹಿಗ್ಗಿ ಬಂದರೆ ಅನುಕ್ರಮದಲ್ಲಿ ಒಂದೇ ಜಾಗದಲ್ಲಿ ಎರಡು ಅಕ್ಷರಗಳು ಮೇಲೆ ಕೆಳಗೆ ಕಾಣುತ್ತವೆ, ಇಲ್ಲವೇ ವಿಚಿತ್ರವಾದ ‘ಹೊಸ ಗುಂಪು’ ಹುಟ್ಟಿಕೊಳ್ಳುತ್ತದೆ. ಪ್ರೋಟೀನ್ ಬರೆಯುವ ಭಾಗದ ನಡುವೆ ನಿಲುಗಡೆಯ ಸಂಕೇತ ಬಂದರೆ ನಮ್ಟ್ ಇದೆಯೆಂದು ಅನುಮಾನಿಸಬೇಕು. ಉದ್ದನೆಯ ತುಂಡುಗಳಾಗಿ ಹಿಗ್ಗಿಸಿ ಓದಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ತಂದೆಯ ಸಾಲು

ವೈ ವರ್ಣತಂತು ಹೋರಿಯಿಂದ ಗಂಡು ಕರುವಿಗೆ ಮಾತ್ರ ಹೋಗುತ್ತದೆ. ಡುಬ್ಬವಿಲ್ಲದ ದನಗಳಲ್ಲಿ ವೈ1, ವೈ2 ಎಂಬ ಗುಂಪುಗಳೂ ಡುಬ್ಬದ ದನಗಳಲ್ಲಿ ವೈ3 ಗುಂಪೂ ಇವೆ. ಎರಡರ ವೈ ವರ್ಣತಂತುವಿನ ಆಕಾರವೇ ಬೇರೆ, ಸೂಕ್ಷ್ಮದರ್ಶಕದಲ್ಲೇ ಗುರುತಿಸಬಹುದು. ತಳಿ ಹೋರಿಯೊಂದನ್ನು ಕೊಳ್ಳುವಾಗ ಅದರ ತಂದೆಯ ಕಡೆ ಎಂದಾದರೂ ಜರ್ಸಿ ಅಥವಾ ಎಚ್‌ಎಫ್ ಇತ್ತೇ ಎಂದು ಕೇಳುವವರಿಗೆ ಇದು ಮೈಟೋಕಾಂಡ್ರಿಯಕ್ಕಿಂತ ಹೆಚ್ಚು ಉಪಯುಕ್ತ. ಆದರೆ ಇದೂ ಒಂದೇ ಎಳೆ. ಹೋರಿಯ ತಾಯಿಯೇ ಜರ್ಸಿ ಹೋರಿಗೆ ಹುಟ್ಟಿದ ಬೆರಕೆಯಾಗಿದ್ದು ತಂದೆ ಶುದ್ಧ ಹಳ್ಳಿಕಾರ್ ಆಗಿದ್ದರೆ ವೈ3 ಬರುತ್ತದೆ, ಆ ತಾಯಿಯ ತಾಯಿ ನಾಟಿಯಾಗಿದ್ದರೆ ಮೈಟೋಕಾಂಡ್ರಿಯವೂ ಐ ಗುಂಪೇ ಆಗಿರುತ್ತದೆ, ಆದರೂ ಹೋರಿಯಲ್ಲಿ ಕಾಲುಭಾಗ ಜರ್ಸಿ ಇರುತ್ತದೆ. ಎರಡೂ ಪರೀಕ್ಷೆಗಳಲ್ಲಿ ಪಾಸಾಗುವ ಬೆರಕೆ ಇದು.

ಶುದ್ಧತೆ, ಪಿತೃತ್ವ, ಒಳಸಂತಾನ

ಶುದ್ಧತೆಯ ಪ್ರಮಾಣವನ್ನು ಶೇಕಡಾವಾರು ಹೇಳಬಲ್ಲದ್ದು ಕೋಶಕೇಂದ್ರದ ಹಲವು ಸಾವಿರ ಗುರುತುಗಳು ಮಾತ್ರ. ಎಸ್‌ಎನ್‌ಪಿ ಚಿಪ್ ಅದಕ್ಕೇ ಇರುವುದು. 2008ರಲ್ಲಿ ಬಂದ ಸುಮಾರು 54,000 ಗುರುತುಗಳ ಇಲ್ಯುಮಿನ ಚಿಪ್ ವಿಶ್ವದಾದ್ಯಂತ ಹೆಚ್ಚು ಬಳಕೆಯಾದದ್ದು. ಆದರೆ ಅದರ ಗುರುತುಗಳನ್ನು ಆರಿಸಿದ್ದು ಹೆಚ್ಚಾಗಿ ಯೂರೋಪಿನ ತಳಿಗಳಲ್ಲಿ ವೈವಿಧ್ಯ ಕಂಡ ಸ್ಥಾನಗಳಿಂದ. ಡುಬ್ಬದ ದನಗಳಲ್ಲಿ ಅವುಗಳಲ್ಲಿ ಎಷ್ಟೋ ಒಂದೇ ರೀತಿ ಬರುತ್ತವೆ. ಹಾಗಾಗಿ ನಮ್ಮ ತಳಿಗಳಲ್ಲಿ ವೈವಿಧ್ಯ ಕಡಿಮೆಯೆಂಬ ತಪ್ಪು ಚಿತ್ರ ಆ ಚಿಪ್‌ನಿಂದ ಸಿಗುತ್ತದೆ. ವಿದೇಶಿ ಬೆರಕೆಯನ್ನು ಪತ್ತೆಹಚ್ಚಲು ಈ ದೋಷ ಅಷ್ಟು ಅಡ್ಡಿಯಲ್ಲ. ಹಳ್ಳಿಕಾರ್ ಮತ್ತು ಖಿಲಾರಿಗಳ ನಡುವಿನ ಅಂತರ ಅಳೆಯಲು ಅಡ್ಡಿ. ಹೈದರಾಬಾದಿನ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆ 2021ರಲ್ಲಿ ದೇಸಿ ದನಗಳಿಗೆಂದೇ ‘ಇಂಡಿಗೌ’ ಚಿಪ್ ತಂದಿತು. 2024ರ ಅಕ್ಟೋಬರ್‌ನಲ್ಲಿ ದನಗಳಿಗೆ ‘ಗೌ ಚಿಪ್’, ಎಮ್ಮೆಗಳಿಗೆ ‘ಮಹಿಷ್ ಚಿಪ್’ ಬಿಡುಗಡೆಯಾದವು. ತಳಿಗಳನ್ನು ಹೋಲಿಸುವವರು ಇಂಥ ಚಿಪ್ಪುಗಳನ್ನೇ ಕೇಳಬೇಕು.

ಪಿತೃತ್ವಕ್ಕೆ, ಅಂದರೆ ಈ ಕರು ಈ ಹೋರಿಯದ್ದೇ ಹೌದೇ ಎಂಬ ಪ್ರಶ್ನೆಗೆ, ಮೈಕ್ರೋಸ್ಯಾಟಲೈಟ್ ಇಂದಿಗೂ ಸಾಕು. ಅಂತಾರಾಷ್ಟ್ರೀಯ ಪ್ರಾಣಿ ವಂಶವಾಹಿ ಸಂಘ ದನಗಳಿಗೆ 12 ಗುರುತುಗಳ ಪಟ್ಟಿಯನ್ನು ಒಪ್ಪಿದೆ. ತಳಿ ವೈವಿಧ್ಯದ ಅಧ್ಯಯನಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರತಿ ಜಾತಿಗೆ 30 ಗುರುತುಗಳನ್ನು ಶಿಫಾರಸು ಮಾಡಿತ್ತು, ಭಾರತದ ತಳಿಗಳ ಮೇಲಿನ ಹಳೆಯ ಕೆಲಸ ಬಹುಪಾಲು ಅದರ ಮೇಲೆಯೇ ನಿಂತಿದೆ. ಒಂದು ಪ್ರಯೋಗಾಲಯದ ಅಂಕಿಗಳನ್ನು ಇನ್ನೊಂದರ ಅಂಕಿಗಳೊಂದಿಗೆ ನೇರವಾಗಿ ಕೂಡಿಸಲಾಗದು ಎಂಬುದು ಇದರ ದೊಡ್ಡ ಕೊರತೆ.

ಒಳಸಂತಾನದ, ಅಂದರೆ ಹತ್ತಿರದ ರಕ್ತಸಂಬಂಧಿಗಳ ಕೂಡಿಕೆಯ, ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಸಂರಕ್ಷಣೆಯ ಹೆಸರಿನಲ್ಲಿ ಅತಿ ಹೆಚ್ಚು ಅಪಾಯ ಇರುವುದು ಇಲ್ಲಿ. 200 ಹಸುಗಳಿರುವ ಹಿಂಡಿಗೆ 4 ಹೋರಿಗಳನ್ನಷ್ಟೇ ಬಳಸಿದರೆ, ತಳಿಶಾಸ್ತ್ರದ ಸೂತ್ರದಂತೆ ಪರಿಣಾಮಕಾರಿ ಸಂಖ್ಯೆ 4 × 4 × 200 ಭಾಗಿಸು 204, ಅಂದರೆ ಸುಮಾರು 16. ಕೊಟ್ಟಿಗೆಯಲ್ಲಿ ಇನ್ನೂರಕ್ಕೂ ಮೇಲೆ ದನಗಳು ಕಂಡರೂ ವಂಶವಾಹಿಯ ದೃಷ್ಟಿಯಲ್ಲಿ ಅದು ಹದಿನಾರು ದನಗಳ ಹಿಂಡು. ಆದರೆ ಮೈಟೋಕಾಂಡ್ರಿಯದ ವೈವಿಧ್ಯ ಉಳಿಯುವುದು ಹಸುಗಳಿಂದ. ಹೋರಿ ನಾಲ್ಕಿರಲಿ ಒಂದಿರಲಿ ಅದಕ್ಕೆ ಲೆಕ್ಕವಿಲ್ಲ. ಇಂಥ ಹಿಂಡಿನಲ್ಲಿ ಮೈಟೋಕಾಂಡ್ರಿಯ ಪರೀಕ್ಷೆ ‘ವೈವಿಧ್ಯ ಚೆನ್ನಾಗಿದೆ’ ಎಂದು ವರದಿ ಕೊಡುತ್ತಿರುವಾಗಲೇ ಒಳಗೊಳಗೆ ಒಳಸಂತಾನ ಏರುತ್ತಿರಬಹುದು. ಗೋಶಾಲೆಯವರು ಹಣ ಹಾಕುವುದಿದ್ದರೆ ಚಿಪ್‌ಗೆ ಹಾಕಲಿ, ಅದಕ್ಕೂ ಮೊದಲು ಐದನೆಯ, ಆರನೆಯ ಹೋರಿಯನ್ನು ಬೇರೆ ಊರಿನಿಂದ ತರಲಿ.

ಹಾಲು, ಮಾಂಸ, ಮತ್ತು ಉಳಿದ ಜಾನುವಾರುಗಳು

ಎ2 ಹಾಲನ್ನು ಮಾರುವವರು ಕೆಲವೊಮ್ಮೆ ‘ದೇಸಿ ಡಿಎನ್‌ಎ’ಯ ವರದಿ ತೋರಿಸುವುದುಂಟು. ಬೀಟಾ ಕೇಸೀನ್ ವಂಶವಾಹಿ ಇರುವುದು ದನದ 6ನೆಯ ವರ್ಣತಂತುವಿನಲ್ಲಿ. ಎ1, ಎ2 ವ್ಯತ್ಯಾಸ ಆ ಪ್ರೋಟೀನಿನ 67ನೆಯ ಅಮೈನೋ ಆಮ್ಲದ್ದು. ಮೈಟೋಕಾಂಡ್ರಿಯಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆ ಒಂದು ವಂಶವಾಹಿಯನ್ನೇ ಪರೀಕ್ಷಿಸಬೇಕು. ಹಾಲಿನ ಇಳುವರಿಗೆ ತಾಯಿಸಾಲಿನ ಮೈಟೋಕಾಂಡ್ರಿಯ ಕಾರಣವೇ ಎಂದು 1980ರ ದಶಕದಿಂದಲೂ ಹುಡುಕಿದವರಿದ್ದಾರೆ. ಸಿಕ್ಕ ಪರಿಣಾಮಗಳು ಚಿಕ್ಕವು, ಒಂದು ಹಿಂಡಿನಿಂದ ಇನ್ನೊಂದಕ್ಕೆ ನಿಲ್ಲುವಂಥವಲ್ಲ. ಅದನ್ನು ನಂಬಿ ಕಡಸು ಆರಿಸುವುದು ಬೇಡ.

ಜಾತಿ ಗುರುತಿಸುವುದರಲ್ಲಿ ಮಾತ್ರ ಮೈಟೋಕಾಂಡ್ರಿಯವೇ ಮೊದಲ ಆಯ್ಕೆ. ಮಾಂಸ ದನದ್ದೋ ಎಮ್ಮೆಯದ್ದೋ ಕುರಿಯದ್ದೋ ಮೇಕೆಯದ್ದೋ ಎಂಬುದನ್ನು ಸೈಟೋಕ್ರೋಮ್ ಬಿ ಅಥವಾ 12ಎಸ್ ಎಂಬ ಮೈಟೋಕಾಂಡ್ರಿಯ ವಂಶವಾಹಿಯ ತುಣುಕಿನಿಂದ, ಬೇಯಿಸಿದ ಮೇಲೂ ಹೇಳಬಹುದು. ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಯಲ್ಲಿ ಈ ಪರೀಕ್ಷೆ ನಡೆಯುತ್ತದೆ. ಎಮ್ಮೆ ಹಾಲಿಗೆ ಹಸುವಿನ ಹಾಲು ಬೆರೆಸಿದ್ದನ್ನೂ ಹಾಲಿನಲ್ಲಿರುವ ಜೀವಕೋಶಗಳಿಂದ ಇದೇ ರೀತಿ ಪತ್ತೆಮಾಡಬಹುದು. ತಳಿ ಯಾವುದೆಂದು ಮಾತ್ರ ಅಲ್ಲಿ ಕೇಳಬಾರದು.

ಎಮ್ಮೆಗಳಲ್ಲಿ ಭಾರತದ ಬಹುಪಾಲು ನದಿ ಎಮ್ಮೆಗಳು (50 ವರ್ಣತಂತು), ಆಗ್ನೇಯ ಏಷ್ಯದವು ಜೌಗು ಎಮ್ಮೆಗಳು (48 ವರ್ಣತಂತು). ಇವೆರಡರ ತಾಯಿಸಾಲುಗಳು ದೂರದವು, ಮೈಟೋಕಾಂಡ್ರಿಯ ಸುಲಭವಾಗಿ ಬೇರ್ಪಡಿಸುತ್ತದೆ. ಕುರಿಗಳಲ್ಲಿ ಎ ಇಂದ ಇ ವರೆಗೆ ಐದು ಗುಂಪುಗಳಿವೆ, ಆದರೆ ಭಾರತದಲ್ಲಿ ಎ ಗುಂಪಿನದ್ದೇ ಮೇಲುಗೈ, ಆದ್ದರಿಂದ ಬನ್ನೂರು ಮತ್ತು ಡೆಕ್ಕನಿ ಕುರಿಗಳನ್ನು ಇದರಿಂದ ಬಿಡಿಸಲು ಹೋಗುವುದು ವ್ಯರ್ಥ. ಉತ್ತರ ಕರ್ನಾಟಕದಲ್ಲಿ ಹೆಸರಾದ ನಾರಿ ಸುವರ್ಣ ಕುರಿಯ ಅವಳಿ ಮರಿಗಳಿಗೆ ಕಾರಣವಾದ ಫೆಕ್-ಬಿ ವಂಶವಾಹಿಯೂ ಕೋಶಕೇಂದ್ರದ್ದು. ಮೇಕೆಗಳ ತಾಯಿಸಾಲುಗಳು ಖಂಡದಿಂದ ಖಂಡಕ್ಕೆ ಎಷ್ಟು ಓಡಾಡಿವೆಯೆಂದರೆ ಊರು ಹೇಳುವುದೂ ಕಷ್ಟ.

ಮಾದರಿ ತೆಗೆಯುವಾಗ

ಯಾವ ಪರೀಕ್ಷೆಯನ್ನೇ ಆರಿಸಿದರೂ ಹಾಳಾಗುವುದು ಹೆಚ್ಚಾಗಿ ಕೊಟ್ಟಿಗೆಯಲ್ಲೇ. ಮೈಟೋಕಾಂಡ್ರಿಯ ಅಧ್ಯಯನದಲ್ಲಿ ಒಂದೇ ಅಜ್ಜಿಹಸುವಿನ ಸಾಲಿನ ಮೂರು ಮೊಮ್ಮಕ್ಕಳಿಂದ ರಕ್ತ ತೆಗೆದರೆ ಅದು ಮೂರು ಮಾದರಿಯಲ್ಲ, ಒಂದೇ ಮಾದರಿ. ಮಾಲೀಕರನ್ನು ‘ಇದರ ತಾಯಿ ನಿಮ್ಮಲ್ಲೇ ಹುಟ್ಟಿದ್ದಾ, ಅದರ ತಾಯೀನ ಎಲ್ಲಿಂದ ತಂದಿದ್ರಿ’ ಎಂದು ಕೇಳಿ ಬರೆದುಕೊಳ್ಳಬೇಕು. ಮನೆಯ ಹೆಂಗಸರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಒಂದೇ ದಿನ ನೂರಾರು ಹಳ್ಳಿಕಾರ್ ಎತ್ತುಗಳು ಸಿಗುತ್ತವೆ ನಿಜ, ಆದರೆ ಎರಡು ಮೂರು ಕೈ ದಾಟಿ ಬಂದ ಎತ್ತಿನ ತಾಯಿಯ ಸುದ್ದಿ ಮಾರುವವನಿಗೇ ಗೊತ್ತಿರುವುದಿಲ್ಲ. ರಕ್ತವನ್ನು ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಕೊಳವೆಯಲ್ಲಿ ತೆಗೆಯಬೇಕು; ಅದೇ ಕೆಲಸಕ್ಕೆ ಬಳಸುವ ಹೆಪಾರಿನ್ ಪಿಸಿಆರ್‌ಗೆ ಅಡ್ಡಬರುತ್ತದೆ. ಕೂದಲನ್ನು ಕತ್ತರಿಸದೆ ಬೇರುಸಮೇತ ಕಿತ್ತು ಇಟ್ಟರೆ ಇಂದು ಮೈಟೋಕಾಂಡ್ರಿಯಕ್ಕೂ, ನಾಳೆ ಚಿಪ್‌ಗೂ ಅದೇ ಮಾದರಿ ಆಗುತ್ತದೆ. ಪ್ರಯೋಗಾಲಯಕ್ಕೆ ಕೊಡುವಾಗ ಉಳಿದ ಡಿಎನ್‌ಎಯನ್ನು ಮೈನಸ್ 20 ಡಿಗ್ರಿಯಲ್ಲಿ ಇಟ್ಟುಕೊಡಬೇಕೆಂದೂ, ಕೇಳಿದಾಗ ಹಿಂತಿರುಗಿಸಬೇಕೆಂದೂ ಬರವಣಿಗೆಯಲ್ಲಿ ಪಡೆದುಕೊಳ್ಳಿ: ಪೂರ್ಣ ಜೀನೋಮ್ ಓದಿಸಲು ಮುಂದೆ ಹಣ ಸಿಕ್ಕರೆ ಮೈಟೋಕಾಂಡ್ರಿಯದ ಪೂರ್ಣ ಉಂಗುರ ಬೇರೆ ಖರ್ಚಿಲ್ಲದೆ ಅದರ ಜೊತೆಗೇ ಬರುತ್ತದೆ, ಆಗ ಮತ್ತೊಮ್ಮೆ ದನ ಹುಡುಕಿಕೊಂಡು ಹೋಗುವ ಕೆಲಸ ತಪ್ಪುತ್ತದೆ.